ಎತ್ತಿಗೆ ರಜೆಯಿದ್ದ ಸೋಮವಾರಗಳು

ನಮ್ಮ ಕಾಲದ ಹಳ್ಳಿ ಮಕ್ಕಳನ್ನು ಅಪ್ಪ ಅಮ್ಮ ಎಲ್ಲಿಗೂ ಸುತ್ತಾಡಿಸುತ್ತಿರಲಿಲ್ಲ, ದನಗಳ ಹಿಂದೆ ಬಿಟ್ಟರೆ ಅಷ್ಟೇ, ಎಂದು ಯಾರಾದರೂ ಹೇಳಿದರೆ ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ. ಮೊನ್ನೆ ನಮ್ಮ ಬೀದಿಯ ಪಾರ್ಕಿನಲ್ಲಿ ಆದದ್ದೂ ಅದೇ. ಪಕ್ಕದ ಮನೆಯವರು ಮೊಮ್ಮಕ್ಕಳನ್ನು ಮೃಗಾಲಯಕ್ಕೆ ಕರೆದುಕೊಂಡು ಹೋಗಿ ಬಂದ ಫೋಟೋಗಳನ್ನು ಫೋನಿನಲ್ಲಿ ತೋರಿಸುತ್ತ, "ನಿಮಗೆಲ್ಲ ಚಿಕ್ಕವಯಸ್ಸಲ್ಲಿ ಇಂಥದ್ದೆಲ್ಲ ಎಲ್ಲಿತ್ತು ಬಿಡಿ, ಪಾಪ" ಅಂದರು. ಆ 'ಪಾಪ' ಕೇಳಿ ನನಗೆ ಮೈ ಉರಿದುಹೋಯಿತು. ನಮಗೂ ಇತ್ತು ಸ್ವಾಮಿ. ಒಂದು ಇಡೀ ಬೇಸಿಗೆ ನಮ್ಮವ್ವ ನನ್ನನ್ನೂ ನನ್ನ ತಂಗಿಯನ್ನೂ ಕಟ್ಟಿಕೊಂಡು ಸೋಮವಾರ ತಪ್ಪದೆ ಊರು ಸುತ್ತಿದಳು. ಮನೆಯ ಯಜಮಾನನ ಮುಖಕ್ಕೆ ಹೊಡೆದ ಹಾಗೆ ಸುತ್ತಿದಳು. ಅದನ್ನು ಬರೆದೇ ತೀರಬೇಕೆಂದು ಅವತ್ತು ಮನೆಗೆ ಬಂದವಳೇ ಪೆನ್ನು ಹುಡುಕಿದೆ.

ಅರವತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಪುಟ್ಟೇನಹಳ್ಳಿಯಲ್ಲಿ, ಕೆರೆ ಏರಿಯ ಕೆಳಗಿತ್ತು. ಸುತ್ತ ರಾಗಿ ಹೊಲ, ಅವರೆ ಸಾಲು, ತೂಬಿನ ನೀರು ಹರಿದಷ್ಟು ದೂರ ಭತ್ತ. ಮನೆಯ ಯಜಮಾನ ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ. ಅಪ್ಪನೂ ಇದ್ದ, ಒಳ್ಳೆಯವನೇ, ಆದರೆ ಅಣ್ಣ ಕೆಮ್ಮಿದರೆ ಸಾಕು, ಎದ್ದು ನಿಲ್ಲುತ್ತಿದ್ದ. ಹಾಗಾಗಿ ಮನೆಯಲ್ಲಿ ಏನೇ ತೀರ್ಮಾನವಾಗಬೇಕಿದ್ದರೂ ಅದು ದೊಡ್ಡಪ್ಪನ ಬಾಯಿಂದಲೇ ಬರಬೇಕಿತ್ತು.

ಅವ್ವ ದೊಡ್ಡಪ್ಪನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಗಂಡನ ಅಣ್ಣನೊಂದಿಗೆ ಹೆಂಗಸು ಎದುರು ನಿಂತು ಮಾತಾಡಕೂಡದು ಎನ್ನುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಹಾಗೆಂದು ಅವಳೇನೂ ಬಾಯಿ ಕಟ್ಟಿಕೊಂಡು ಕೂತಿರಲಿಲ್ಲ. ಕಂಬದ ಮರೆಗೆ ನಿಂತು ನನ್ನ ಕಡೆ ತಿರುಗಿ, "ಹೇಳವ್ವ ನಿಮ್ ದೊಡ್ಡಪ್ಪಂಗೆ" ಎಂದು ಶುರು ಮಾಡಿ, ಮೂರು ಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದಳು. ಅವನೂ ನನ್ನನ್ನೇ ನೋಡಿಕೊಂಡು ಉತ್ತರ ಕೊಡುತ್ತಿದ್ದ. ಇಬ್ಬರ ನಡುವೆ ಇದ್ದದ್ದು ಎರಡು ಮಾರು ದೂರ. ನಾನು ಬಾಯಿ ತೆರೆಯಬೇಕಾಗಿಯೇ ಇರಲಿಲ್ಲ, ನಡುವೆ ನಿಂತಿದ್ದರೆ ಸಾಕಿತ್ತು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಜಯನಗರದ ಕಡೆಯಿಂದ ಶಾಲೆಯ ಮಕ್ಕಳು ಎರಡು ಸಾಲಾಗಿ ನಡೆದುಕೊಂಡು ನಮ್ಮ ಕೆರೆ ಏರಿಯ ಮೇಲೆ ಬಂದರು. ಜೊತೆಗೆ ಗಂಜಿ ಹಾಕಿದ ಸೀರೆ ಉಟ್ಟ ಒಬ್ಬ ಟೀಚರ್. ಹೆಂಗಸು ಮೇಷ್ಟ್ರನ್ನು ನಾನು ನೋಡಿದ್ದು ಅದೇ ಮೊದಲು. ಮಕ್ಕಳೆಲ್ಲ ಟಿಫನ್ ಡಬ್ಬಿ ಹಿಡಿದಿದ್ದರು. ಟೀಚರ್ ಕೊಡೆಯ ತುದಿಯಿಂದ ನೀರಿನ ಮೇಲಿದ್ದ ಒಂದು ಪುಟ್ಟ ಹಕ್ಕಿ ತೋರಿಸಿ, ಅದು ಯಾವುದು ಎಂದು ಕೇಳಿದರು. ಯಾರೂ ಹೇಳಲಿಲ್ಲ. ನಾನೂ ಅವ್ವನೂ ಏರಿಯ ಇಳಿಜಾರಿನಲ್ಲಿ ಹುಲ್ಲು ಕೊಯ್ಯುತ್ತಿದ್ದೆವು. ನನಗೆ ತಡೆಯಲಾಗಲಿಲ್ಲ.

"ಗುಳುಮುಳುಕ!" ಎಂದು ಕೂಗಿದೆ. "ಈಗ ಮುಳುಗ್ತದೆ ನೋಡಿ. ಆ ಜೊಂಡಿನ ತಾವ ಏಳ್ತದೆ."

ಹಕ್ಕಿ ಮುಳುಗಿತು. ಎಲ್ಲರೂ ಕಾದರು. ಅದು ಜೊಂಡಿನ ಪಕ್ಕದಲ್ಲೇ ತಲೆ ಎತ್ತಿತು. ಟೀಚರ್ ಇಳಿದು ನನ್ನ ಹತ್ತಿರ ಬಂದರು.

"ಎಷ್ಟನೇ ಕ್ಲಾಸಮ್ಮ ನೀನು?"

"ನಾಲ್ಕು. ಇದೇ ಕೊನೆ."

"ಕೊನೆ ಅಂದ್ರೆ?"

"ನಮ್ಮೂರ್ ಸ್ಕೂಲಲ್ಲಿ ನಾಲ್ಕರವರೆಗೇ ಇರೋದು."

"ನಮ್ಮಲ್ಲಿ ಐದು, ಆರು, ಏಳು ಎಲ್ಲಾ ಇದೆ. ಜೂನ್‌ನಲ್ಲಿ ಬಂದು ಸೇರ್ಕೋ," ಎಂದರು ಅವರು, ಅಂಗಡಿಗೆ ಹೋಗಿ ಉಪ್ಪು ತೆಗೆದುಕೊಂಡು ಬಾ ಎಂದಷ್ಟು ಸಲೀಸಾಗಿ. ಅವ್ವ ಕುಡುಗೋಲು ಹಿಡಿದುಕೊಂಡೇ ಎದ್ದು ನಿಂತು ಆ ಮಾತನ್ನು ಕೇಳಿಸಿಕೊಂಡಳು. ಏರಿಯ ಮೇಲೆ ಡಬ್ಬಿ ಬಿಚ್ಚಿ ಉಂಡು, ನಾವು ಸೇದಿಕೊಟ್ಟ ನೀರು ಕುಡಿದು ಅವರೆಲ್ಲ ಹೋದ ಮೇಲೆ, ಇವರು ಇಲ್ಲಿಗೆ ಯಾಕೆ ಬಂದಿದ್ದರು ಎಂದು ನನ್ನನ್ನು ಕೇಳಿದಳು. ಎಕ್ಸ್‌ಕರ್ಷನ್ ಅಂತೆ, ಮಕ್ಕಳನ್ನು ಸುತ್ತಾಡಿಸಿ ಪಾಠ ಕಲಿಸುವುದಂತೆ ಎಂದೆ. "ಓಹೋ," ಎಂದಳು. ಅವಳು 'ಓಹೋ' ಎಂದರೆ ತಲೆಯೊಳಗೆ ಏನೋ ಕೆಲಸ ಶುರುವಾಗಿದೆ ಎಂದು ಅರ್ಥ.

ಅವತ್ತು ರಾತ್ರಿ ಊಟದ ಹೊತ್ತಿಗೆ ಕಂಬದ ಮರೆಯಿಂದ ಮಾತು ಬಂತು. "ಹೇಳವ್ವ ನಿಮ್ ದೊಡ್ಡಪ್ಪಂಗೆ. ಜೂನಿಗೆ ನಿನ್ನ ಜಯನಗರದ ಸ್ಕೂಲಿಗೆ ಸೇರ್ಸ್‌ಬೇಕು."

ದೊಡ್ಡಪ್ಪ ಮುದ್ದೆ ಮುರಿಯುತ್ತಲೇ ನನಗೆ ಹೇಳಿದ: "ಹೇಳು ನಿಮ್ಮವ್ವಂಗೆ. ಎರಡೂವರೆ ಮೈಲಿ ಐತೆ. ನಡುವೆ ಒಂದು ನರಪಿಳ್ಳೆ ಇಲ್ಲ. ಅಲ್ಲಿ ರಸ್ತೆಯೆಲ್ಲ ಒಂದೇ ತರ. ನಾನೇ ದಾರಿ ತಪ್ಪಿದೀನಿ. ಇದು ಹೆಣ್ಣ್ ಕೂಸು. ಆಗಲ್ಲ."

ಅವನು ದಾರಿ ತಪ್ಪಿದ್ದು ನಿಜ. ನಮ್ಮ ಹೊಲದಲ್ಲಿ ಎರಡು ಎಕರೆ ಊರಿನಿಂದ ಆಚೆ, ಸಾರಕ್ಕಿ ದಾಟಿದ ಮೇಲೆ ಇತ್ತು. ಹೊಸ ಬಡಾವಣೆಗೆ ಅಂತ ಅದರ ಮೇಲೆ ಯಾರೋ ಅಳತೆ ಹಿಡಿದು ಹೋಗಿದ್ದರು. ಅದನ್ನು ಕೇಳಲು ದೊಡ್ಡಪ್ಪ ಜಯನಗರದಲ್ಲಿ ಯಾರೋ ಸಾಹೇಬರ ಮನೆ ಹುಡುಕಿಕೊಂಡು ಹೋಗಿ, ಒಂದೇ ತರದ ಅಡ್ಡರಸ್ತೆಗಳಲ್ಲಿ ಮಧ್ಯಾಹ್ನದವರೆಗೆ ಸುತ್ತಿದ್ದ. ಮನೆಯೂ ಸಿಗದೆ ಹೋಗಿ, ಕೊನೆಗೆ ಚಡ್ಡಿ ಹಾಕಿದ ಒಂದು ಮಗು ಅವನನ್ನು ಬಸ್ ಸ್ಟಾಪಿನವರೆಗೆ ಕೈಹಿಡಿದು ಬಿಟ್ಟು ಬಂದಿತ್ತು. ಆ ಅವಮಾನ ಅವನ ಹೊಟ್ಟೆಯಲ್ಲಿ ಕೂತಿತ್ತು. ಆದರೆ ಅದಕ್ಕೆ ನನ್ನ ಐದನೇ ಕ್ಲಾಸು ಯಾಕೆ ಬಲಿಯಾಗಬೇಕು ಎಂದು ನನಗೆ ಅವತ್ತೂ ಅರ್ಥವಾಗಲಿಲ್ಲ, ಇವತ್ತೂ ಒಪ್ಪಿಗೆಯಿಲ್ಲ.

ಏಪ್ರಿಲ್ಲಿನಲ್ಲಿ ನಮ್ಮ ಶಾಲೆಗೆ ರಜೆ ಬಂದ ಮೇಲೆ, ಒಂದು ಭಾನುವಾರ ಸಂಜೆ ಅವ್ವ ಮತ್ತೆ ಕಂಬದ ಮರೆಗೆ ಬಂದಳು.

ಇಲ್ಲೊಂದು ವಿಷಯ ಹೇಳಬೇಕು. ಸೋಮವಾರ ನಮ್ಮಲ್ಲಿ ಎತ್ತಿಗೆ ನೊಗ ಹಾಕುವುದಿಲ್ಲ. ಅದು ಬಸವಣ್ಣನ ದಿನ. ಎಂಥ ಅವಸರದ ಬಿತ್ತನೆಯಿದ್ದರೂ ಸೋಮವಾರ ಎತ್ತು ನೆರಳಲ್ಲಿ ಮಲಗಿ ಮೆಲುಕು ಹಾಕುತ್ತದೆ, ಗಂಡಸರು ಜಗಲಿಯಲ್ಲಿ ಕಾಲು ಚಾಚುತ್ತಾರೆ. ಹೆಂಗಸರಿಗೆ ಮಾತ್ರ ಒಲೆ, ಬಾವಿ, ಸಗಣಿ ಎಲ್ಲವೂ ಎಂದಿನಂತೆ.

"ಕೇಳವ್ವ ನಿಮ್ ದೊಡ್ಡಪ್ಪನ್ನ," ಎಂದಳು ಅವ್ವ. "ಎತ್ತಿಗೆ ವಾರಕ್ಕೊಂದು ದಿನ ರಜಾ ಐತೆ. ನಾನೀ ಮನೆಗೆ ಬಂದು ಹನ್ನೆರಡು ವರ್ಷ ಆಯ್ತು. ನಂಗೆ ಒಂದ್ ದಿನ ಕೊಟ್ಟವ್ರಾ ಅಂತ ಕೇಳು."

ಉತ್ತರಕ್ಕೆ ಕಾಯದೆ ಅವಳೇ ಮುಂದುವರಿಸಿದಳು.

"ನಾಳೆಯಿಂದ ಸೋಮವಾರ ಸೋಮವಾರ ನಾನು ಮಕ್ಕಳನ್ನ ಸುತ್ತಾಡ್ಸಕ್ಕೆ ಕರ್ಕೊಂಡ್ ಹೋಯ್ತೀನಿ. ಅಡುಗೆ ಮಾಡಿಟ್ಟೇ ಹೋಯ್ತೀನಿ. ಬೇಡ ಅನ್ನೋದಾದ್ರೆ ಎತ್ತಿಗೂ ನೊಗ ಹಾಕಕ್ಕೆ ಹೇಳು."

ಬಸವಣ್ಣನ ದಿನ ಎತ್ತಿಗೆ ನೊಗ ಹಾಕುವಷ್ಟು ಧೈರ್ಯ ದೊಡ್ಡಪ್ಪನಿಗೆ ಇರಲಿಲ್ಲ. "ಹಾಳಾಗ್ ಹೋಗ್ಲಿ, ಸುತ್ಕಂಡ್ ಬರ್ಲಿ ಅನ್ನು," ಎಂದ.

ಮೊದಲ ಸೋಮವಾರ ಕೆರೆ ಕೋಡಿ ದಾಟಿ ಸಾರಕ್ಕಿಯ ಅಶ್ವತ್ಥಕಟ್ಟೆಯವರೆಗೆ ಹೋದೆವು. ಬೆಳಕು ಹರಿಯುವ ಮೊದಲೇ ಅವ್ವ ಮನೆಕೆಲಸವನ್ನೆಲ್ಲ ಮುಗಿಸಿ, ರೊಟ್ಟಿಯನ್ನೂ ಹುಚ್ಚೆಳ್ಳು ಪುಡಿಯನ್ನೂ ಬಟ್ಟೆಯಲ್ಲಿ ಕಟ್ಟಿದ್ದಳು. ಸೆರಗಿನ ತುದಿಯಲ್ಲಿ ಹುರಿಗಡಲೆ, ಬೆಲ್ಲ. ಅದು ನಮಗೆ ಸುಮ್ಮನೆ ಸಿಗುತ್ತಿರಲಿಲ್ಲ. ಕಟ್ಟೆಯ ಮೇಲೆ ನಮ್ಮನ್ನು ಕೂರಿಸಿ, "ಕಣ್ ಮುಚ್ಕೊಳ್ರಿ. ಬರ್ತಾ ಬಲಗಡೆ ಎಷ್ಟು ಬಾವಿ ಸಿಕ್ಕಿದ್ವು?" ಎಂದು ಕೇಳುತ್ತಿದ್ದಳು. ಸರಿಯಾಗಿ ಹೇಳಿದವರಿಗೆ ಬೆಲ್ಲ. ಆರು ವರ್ಷದ ನನ್ನ ತಂಗಿ ಯಾವ ಪ್ರಶ್ನೆಗೂ "ಮೂರು" ಎಂದೇ ಹೇಳುತ್ತಿದ್ದಳು. ಹುಣಸೆಮರ ಎಷ್ಟು? ಮೂರು. ನಾಯಿ ಎಷ್ಟು ಬೊಗಳಿದವು? ಮೂರು. ಆ ಯಾತ್ರೆಯಲ್ಲಿ ನನಗಿಂತ ಹೆಚ್ಚು ಬೆಲ್ಲ ತಿಂದವಳು ಅವಳೇ, ಯಾಕೆಂದರೆ ಅವ್ವ ನಗು ತಡೆಯಲಾಗದೆ ಕೊಟ್ಟುಬಿಡುತ್ತಿದ್ದಳು.

ಎರಡನೇ ಸೋಮವಾರ ಇನ್ನೂ ಸ್ವಲ್ಪ ಆಚೆ, ಕಲ್ಲುಬಂಡೆಯವರೆಗೆ. ಅಲ್ಲಿ ಕಲ್ಲು ಒಡೆಯುವ ಮುದುಕನೊಬ್ಬ ಸುತ್ತಿಗೆಯಲ್ಲಿ ಬಂಡೆಯನ್ನು ತಟ್ಟಿ, ಕಿವಿಯಿಟ್ಟು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದ. ನನಗೂ ಕೇಳಿಸಿದ. ಗಟ್ಟಿ ಕಲ್ಲು ಗಂಟೆಯ ಹಾಗೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಕೆಮ್ಮುತ್ತದೆ. ಆಮೇಲೆ ನಾವಿಬ್ಬರೂ ಬಂಡೆಯ ಇಳಿಜಾರಿನಲ್ಲಿ ಗೋಣಿಚೀಲದ ಮೇಲೆ ಕೂತು ಜಾರಿದೆವು. ಅವ್ವನೂ ಅತ್ತಿತ್ತ ನೋಡಿ, ಸೀರೆ ಕಚ್ಚೆಗೆ ಸಿಕ್ಕಿಸಿ, ಒಂದು ಸಲ ಜಾರಿದಳು. ಕೆಳಗೆ ಬಂದು ನಿಂತಾಗ ಅವಳ ಮುಖ ಹುಡುಗಿಯರ ಮುಖದ ಹಾಗಾಗಿತ್ತು. ಮನೆಯಲ್ಲಿ ಆ ಮುಖ ನಾನು ನೋಡಿರಲಿಲ್ಲ.

ಮೂರನೆಯ ಸೋಮವಾರ ಬಯಲಿಗೆ ಬಂದೆವು. ಅಲ್ಲಿಂದಾಚೆ ಜಯನಗರದವರೆಗೂ ಹಿಂದೆ ಹೊಲಗಳಿದ್ದವು. ಈಗ ಬದು ಒಡೆದು, ಮರ ಕಡಿದು, ನೆಲವನ್ನೆಲ್ಲ ಸಮ ಮಾಡಿ ಬಿಟ್ಟಿದ್ದರು. ಗುರುತಿಗೆ ಒಂದು ಗಿಡವೂ ಇರಲಿಲ್ಲ. ಮುಂದೆ ರಸ್ತೆ ಬರುವ ಕಡೆ ಸಾಲಾಗಿ ಬಾಂದುಕಲ್ಲು, ಅಂದರೆ ಸರ್ವೆಯವರ ಗುರುತಿನ ಕಲ್ಲು, ನೆಟ್ಟಿದ್ದರು. ಮೊಣಕಾಲೆತ್ತರದ ಕಲ್ಲುಗಳು, ಒಂದೊಂದರ ಮೇಲೂ ಕೆಂಪು ಬಣ್ಣದಲ್ಲಿ ನಂಬರು. ಅವ್ವ ಬಯಲನ್ನು ನೋಡುತ್ತ ಸುಮಾರು ಹೊತ್ತು ನಿಂತಳು. ನಮ್ಮ ಎರಡೆಕರೆಯೂ ಸೇರಿ ಇಲ್ಲಿ ಯಾರ ಹೊಲ ಎಲ್ಲಿತ್ತು ಎಂದು ಅವಳಿಗೇ ಗೊತ್ತಾಗದಷ್ಟು ಬೋಳಾಗಿತ್ತು.

"ಇದ್ರ ಮ್ಯಾಲೆ ಏನ್ ಬರ್ದವ್ರೆ, ಓದು," ಎಂದಳು.

"ಒಂದು."

"ಮುಂದಿಂದು?"

"ಎರಡು."

ಅವ್ವನಿಗೆ ಓದು ಬರುತ್ತಿರಲಿಲ್ಲ. ನಾನು ಓದಿದ ಹಾಗೆ ಅವಳು ಆ ಕೆಂಪು ಗೆರೆಯ ಮೇಲೆ ಬೆರಳಾಡಿಸುತ್ತಿದ್ದಳು. ಇಪ್ಪತ್ತಮೂರನೇ ಕಲ್ಲಿನ ಹತ್ತಿರ ಸಾಲು ಎರಡಾಗಿ ಒಡೆಯುತ್ತಿತ್ತು. ಎಡಕ್ಕೆ ಹೊರಳಿದರೆ ಜಯನಗರದ ಮನೆಗಳು, ನೇರ ಹೋದರೆ ಇಟ್ಟಿಗೆಗೂಡುಗಳ ಬಯಲು. "ಇಪ್ಪತ್ತಮೂರು, ಎಡಕ್ಕೆ," ಎಂದು ನನ್ನ ಕೈಯಲ್ಲಿ ಹತ್ತು ಸಲ ಹೇಳಿಸಿದಳು. ಇದು ಸುಮ್ಮನೆ ತಿರುಗಾಟವಲ್ಲ, ಅವಳು ನನಗೆ ದಾರಿ ಕಲಿಸುತ್ತಿದ್ದಾಳೆ ಎಂದು ನನಗೆ ಹೊಳೆದದ್ದು ಆಗ. ಹನ್ನೊಂದನೆಯ ಸಲ ಅವಳು ಕೇಳದೆಯೇ ಹೇಳಿದೆ.

ನಾಲ್ಕನೆಯ ಸೋಮವಾರ ಜಯನಗರದೊಳಕ್ಕೇ ಕಾಲಿಟ್ಟೆವು. ಕಬ್ಬಿಣದ ಗೇಟು, ಗೇಟಿನ ಮೇಲೆ ಬೋಗನ್‌ವಿಲ್ಲ, ಒಳಗೆ ಬೆತ್ತದ ಕುರ್ಚಿ. ಒಂದು ಗೇಟಿನಲ್ಲಿ ನಿಂತಿದ್ದ ಅಮ್ಮನವರು ನಮ್ಮ ಗಂಟನ್ನು ನೋಡಿ, "ಸೊಪ್ಪು ತಂದಿದೀಯೇನಮ್ಮ?" ಎಂದು ಕೂಗಿದರು.

"ಇಲ್ಲಮ್ಮ. ನೋಡಕ್ಕೆ ಬಂದಿದೀವಿ."

"ಏನನ್ನ ನೋಡೋಕೆ?"

"ನಿಮ್ಮನ್ನೇ. ನಿಮ್ ಮಕ್ಕಳು ಬಂದು ನಮ್ಮನ್ನ ನೋಡ್ಕಂಡ್ ಹೋಗಿಲ್ವಾ? ಈಗ ನಮ್ದು ಸರದಿ."

ಅವ್ವ ನನ್ನ ಕಡೆ ತಿರುಗಿ, ನಮ್ಮ ಏರಿಯ ಮೇಲೆ ಟೀಚರ್ ಮಾಡಿದ ಹಾಗೆಯೇ ಕೈಚಾಚಿ, "ಇದು ಗೇಟು. ಇದು ನಾಯಿ. ನಾಯಿಗೆ ಅಂಗಿ ಹಾಕವ್ರೆ," ಎಂದು ಪಾಠ ಮಾಡುತ್ತ ಮುಂದೆ ನಡೆದಳು. ಮಧ್ಯಾಹ್ನ ಒಂದು ಪಾರ್ಕಿನ ಹುಲ್ಲಿನ ಮೇಲೆ ಗಂಟು ಬಿಚ್ಚಿದೆವು. ಮಾಲಿ ಬಂದು ಇಲ್ಲಿ ಊಟ ಮಾಡಬಾರದು ಎಂದ. ನಮ್ಮ ಕೆರೆ ಏರಿಯ ಮೇಲೆ ಇವರ ಮಕ್ಕಳು ಊಟ ಮಾಡಿದಾಗ ನಾವು ನೀರು ಸೇದಿಕೊಟ್ಟೆವು, ಹೋಗಿ ಕೇಳು, ಎಂದು ಅವ್ವ ರೊಟ್ಟಿ ಮುರಿಯುತ್ತಲೇ ಹೇಳಿದಳು. ಸ್ವಲ್ಪ ಹೊತ್ತಿಗೆ ಅವನೂ ಒಂದು ರೊಟ್ಟಿ ಇಸಿದುಕೊಂಡು ತಿಂದ.

ಮುಂದಿನ ವಾರ ಆ ಟೀಚರ ಶಾಲೆಯವರೆಗೆ ಹೋದೆವು. ರಜೆಯಾದ್ದರಿಂದ ಗೇಟಿಗೆ ಬೀಗ ಹಾಕಿತ್ತು. ಸರಳುಗಳ ಸಂದಿಯಿಂದ ಒಳಗೆ ನೋಡಿದೆವು. ಉದ್ದ ಜಗಲಿ, ಒಂದು ಬೇವಿನ ಮರ, ತೂಗುಹಾಕಿದ ಕಬ್ಬಿಣದ ತುಂಡಿನ ಗಂಟೆ. ಅವ್ವ ಸರಳಿನೊಳಗೆ ಕೈ ತೂರಿಸಿ ಒಳಗಿನ ನೆಲದಿಂದ ಒಂದು ಬೇವಿನ ಎಲೆ ಎತ್ತಿಕೊಂಡು ನನ್ನ ಕೈಗಿಟ್ಟಳು. ಹಿಂತಿರುಗುವಾಗ ಬಯಲಿನಲ್ಲಿ ಅವಳೇ ಮುಂದೆ ಮುಂದೆ ಹೋಗಿ ಕಲ್ಲುಗಳನ್ನು ಓದತೊಡಗಿದಳು. "ಹತ್ತೊಂಬತ್ತು. ಹದಿನೆಂಟು. ಇದು ಹದಿನೇಳಲ್ವಾ?" ಒಂದೂ ತಪ್ಪಲಿಲ್ಲ. ನಾನು ಹೂಂ ಎಂದಾಗ ಅವಳು ನಡೆಯುತ್ತಿದ್ದ ನಡಿಗೆಯೇ ಬೇರೆಯಾಗಿತ್ತು.

ಆರನೆಯ ಸೋಮವಾರ ನಾನು ಮುಂದೆ, ಅವರಿಬ್ಬರೂ ಹಿಂದೆ. ಎಲ್ಲೂ ತಪ್ಪದೆ ಶಾಲೆಯ ಗೇಟು ಮುಟ್ಟಿದೆ. ಅವತ್ತು ಸಂಜೆ ಕಂಬದ ಮರೆಯಿಂದ ಅವ್ವ ಗುಟ್ಟು ಬಿಚ್ಚಿದಳು. "ಹೇಳವ್ವ ನಿಮ್ ದೊಡ್ಡಪ್ಪಂಗೆ. ದಾರಿ ತಪ್ತದೆ ಅಂತ ತಾನೆ ಬೇಡ ಅಂದಿದ್ದು? ನಿಂಗೆ ದಾರಿ ಬರ್ತದೆ."

ದೊಡ್ಡಪ್ಪ ಬೀಡಿ ಕೆಳಗಿಟ್ಟ. ಆರು ವಾರ ತನ್ನ ಮೂಗಿನ ಕೆಳಗೇ ಇದು ನಡೆದಿದೆ ಎಂದು ಅವನಿಗೆ ಆಗ ಗೊತ್ತಾಯಿತು. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. "ಹಂಗೋ? ಆಗ್ಲಿ. ಬರೋ ಸೋಮವಾರ ಸ್ಕೂಲ್ ತೆಗೀತಾರೆ. ಇವಳು ಮುಂದೆ ಹೋಗ್ಲಿ, ನಾನು ಹಿಂದೆ ಬರ್ತೀನಿ. ನಿಮ್ಮವ್ವ ಬರಬಾರ್ದು. ಯಾರನ್ನೂ ಕೇಳಬಾರ್ದು. ಮುಟ್ಟಿದ್ರೆ ಸೇರಿಸ್ತೀನಿ. ತಪ್ಪಿದ್ರೆ ಇನ್ನು ಈ ಮನೇಲಿ ಸ್ಕೂಲಿನ ಮಾತು ಎತ್ತಬಾರ್ದು."

ಅವ್ವ ಒಪ್ಪಿದಳು.

ಆ ವಾರದ ನಡುವೆ ದೊಡ್ಡಪ್ಪ ಹುಲ್ಲಿನ ಮೆದೆಗೆ ಗೆದ್ದಲು ಹಿಡಿದಿದೆ ಎಂದು ಅದನ್ನು ಹಿತ್ತಲಿನ ಇನ್ನೊಂದು ಮೂಲೆಗೆ ಹಾಕಿಸತೊಡಗಿದ. ಗೆದ್ದಲು ಏರದ ಹಾಗೆ ಮೆದೆಯ ಬುಡಕ್ಕೆ ಕಲ್ಲು ಹಾಸುವುದು ನಮ್ಮಲ್ಲಿ ವಾಡಿಕೆ. ಬುಡದ ಕಲ್ಲುಗಳನ್ನು ಅವನೇ, ಯಾರನ್ನೂ ಕರೆಯದೆ, ಹಾಸಿದ್ದ. ನಾನೂ ಅವ್ವನೂ ಹುಲ್ಲು ಹೊತ್ತು ತಂದು ಹಾಕುವಾಗ ಅವ್ವ ಫಕ್ಕನೆ ನಿಂತಳು. ಒಂದು ಕಲ್ಲಿನ ಅಂಚಿನಲ್ಲಿ ಕೆಂಪು ಬಣ್ಣ ಕಾಣುತ್ತಿತ್ತು. ಅವಳು ಬಗ್ಗಿ ಬೆರಳಾಡಿಸಿ, ತುಟಿ ಅಲ್ಲಾಡಿಸಿ ಓದಿದಳು.

"ಇಪ್ಪತ್ತಮೂರು."

ತನ್ನ ಎರಡೆಕರೆಯ ಮೇಲೆ ನೆಟ್ಟ ಕಲ್ಲುಗಳನ್ನು ದೊಡ್ಡಪ್ಪ ಕಿತ್ತು ತಂದಿದ್ದ. ಅವೇ ಕಲ್ಲುಗಳನ್ನು ಹಿಡಿದು ನಾನು ದಾರಿ ಕಲಿತಿದ್ದೇನೆ ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಒಂದು ಹೊರೆ ಹುಲ್ಲನ್ನು ಆ ನಂಬರಿನ ಮೇಲೆ ಕೆಡವಿ, "ಬಾಯ್ ಮುಚ್ಕಂಡ್ ಹುಲ್ಲು ತಾ," ಎಂದಳು.

ಮಾರನೆಯ ದಿನವೇ ಸರ್ವೆಯವರು ಇಬ್ಬರು ಸೈಕಲ್ಲಿನಲ್ಲಿ ಬಂದರು. ಬಯಲಿನ ಕಲ್ಲುಗಳನ್ನು ಯಾರೋ ಕಿತ್ತಿದ್ದಾರೆ, ಸಿಕ್ಕಿದರೆ ಕೇಸು ಹಾಕುತ್ತೇವೆ ಎಂದು ಮನೆ ಮನೆಗೂ ಹೇಳುತ್ತಿದ್ದರು. ನಮ್ಮ ಹಿತ್ತಲಿಗೂ ಬಂದರು. ದೊಡ್ಡಪ್ಪ ಹೊಲದಲ್ಲಿದ್ದ. ಅವ್ವ ಮೆದೆಗೆ ಬೆನ್ನು ಕೊಟ್ಟು ನಿಂತು, "ಕಲ್ಲಾ? ನಮ್ ದನ ಹುಲ್ಲು ತಿಂತಾವೆ ಸಾರ್, ಕಲ್ಲು ತಿನ್ನಲ್ಲ," ಎಂದಳು. ಅವರು ಮೆದೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಹೋದರು.

ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ನನ್ನ ಶಾಲೆಗೆ ಅಡ್ಡ ನಿಂತವನನ್ನು ಇವಳು ಯಾಕೆ ಉಳಿಸಬೇಕು? ಕೇಳಿಯೇಬಿಟ್ಟೆ.

"ಅವನ ಹೊಲದಾಗೆ ಕಲ್ಲು ನೆಟ್ಟೋರು ಅವನನ್ನ ಒಂದ್ ಮಾತು ಕೇಳಿದ್ರಾ?" ಎಂದಳು ಅವ್ವ. "ಅವನ ಸಿಟ್ಟು ಅವಂದು. ನನ್ ಸಿಟ್ಟು ನಂದು. ಎರಡನ್ನೂ ಕಲಸಬೇಡ."

"ಕಲ್ಲೇ ಇಲ್ದಿದ್ರೆ ನಾನು ಹೆಂಗೆ ಹೋಗ್ಲಿ?"

"ಕಲ್ಲು ತಾನೆ ಹೋಗಿರೋದು? ನೆಲ ಎಲ್ಲಿಗೆ ಹೋಯ್ತದೆ?"

ಅದು ನನಗೆ ಸಮಾಧಾನ ತರಲಿಲ್ಲ.

ಭಾನುವಾರ ಸಂಜೆ ಜೋರಾಗಿ ಮಳೆ ಬಂತು. ಸೋಮವಾರ ಬೆಳಿಗ್ಗೆ ಅವ್ವ ನನಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿ, ಕೋಡಿಯವರೆಗೂ ಬಾರದೆ, ಹೊಸಿಲಲ್ಲೇ ನಿಂತುಬಿಟ್ಟಳು. ನಾನು ಮುಂದೆ, ಇಪ್ಪತ್ತು ಹೆಜ್ಜೆ ಹಿಂದೆ ಕೊಡೆ ಹಿಡಿದ ದೊಡ್ಡಪ್ಪ. ಕಟ್ಟೆ ದಾಟಿತು. ಬಂಡೆ ದಾಟಿತು. ಬಯಲಿಗೆ ಬಂದು ನಿಂತೆ.

ಒಂದು ಕಲ್ಲೂ ಇರಲಿಲ್ಲ. ಒಂದೆರಡು ಹೋಗಿರಬಹುದು ಎಂದುಕೊಂಡಿದ್ದೆ. ದೊಡ್ಡಪ್ಪ ತನ್ನ ಎರಡೆಕರೆಯಷ್ಟಕ್ಕೇ ನಿಲ್ಲದೆ ಇಡೀ ಸಾಲನ್ನೇ ಕಿತ್ತುಬಿಟ್ಟಿದ್ದ. ಕಣ್ಣು ಹಾಯುವವರೆಗೂ ಕೆಂಪು ಕೆಸರು. ನನಗೆ ಅಳು ಬಂತು. ಹಿಂದಿನಿಂದ ಕೇಳಿಸಿತು: "ಯಾಕೆ? ಮರ್ತೋಯ್ತಾ?"

ಆ ದನಿಯಲ್ಲಿ ಸ್ವಲ್ಪ ಖುಷಿಯಿತ್ತು. ಅದು ಕಿವಿಗೆ ಬಿದ್ದದ್ದೇ ನನ್ನ ಅಳು ಒಣಗಿಹೋಯಿತು. ತಲೆ ತಗ್ಗಿಸಿ ನೆಲ ನೋಡಿದೆ. ಕಾಲಿನ ಹತ್ತಿರ ಒಂದು ಗುಂಡಿ, ಅದರ ತುಂಬ ತಟ್ಟೆಯಷ್ಟಗಲ ಮಳೆನೀರು. ಆಚೆ ಇನ್ನೊಂದು. ಅದರಾಚೆ ಮತ್ತೊಂದು. ಕಲ್ಲು ಕಿತ್ತವನು ಗುಂಡಿ ಮುಚ್ಚಿರಲಿಲ್ಲ. ಮಳೆ ಒಂದೊಂದು ಗುಂಡಿಗೂ ನೀರು ತುಂಬಿ, ಇಡೀ ಸಾಲು ಬಿಸಿಲಿಗೆ ಮಿಣಮಿಣ ಹೊಳೆಯುತ್ತಿತ್ತು.

"ಒಂದು," ಎಂದು ಗಟ್ಟಿಯಾಗಿ ಹೇಳಿದೆ. ಮುಂದಿನದಕ್ಕೆ ಹೋಗಿ, "ಎರಡು."

ಹತ್ತರ ಹೊತ್ತಿಗೆ ಹಿಂದಿನ ಹೆಜ್ಜೆ ಹತ್ತಿರವಾಯಿತು. "ಏನೇ ಅದು, ಎಣಿಸ್ತಾ ಇರೋದು?" ಎಂದ ದೊಡ್ಡಪ್ಪ. ನಾನು ಉತ್ತರ ಕೊಡಲಿಲ್ಲ. ಬೇಕಂತಲೇ ಕೊಡಲಿಲ್ಲ. ಹದಿನೈದು, ಹದಿನಾರು, ಇನ್ನೂ ಜೋರಾಗಿ ಕೂಗಿದೆ. ಇಪ್ಪತ್ತಮೂರರ ಗುಂಡಿಯ ಹತ್ತಿರ ನಿಂತು ಅವನ ಕಡೆ ತಿರುಗಿದೆ.

"ಇಲ್ಲಿ ಎಡಕ್ಕೆ ಹೋಗ್ಬೇಕು ದೊಡ್ಡಪ್ಪ. ಇದು ಇಪ್ಪತ್ತಮೂರು. ಇದ್ರ ಕಲ್ಲು ನಮ್ ಮೆದೆ ಕೆಳಗೈತೆ."

ಅವನ ಮುಖದ ಬಣ್ಣ ಇಳಿಯಿತು. "ಯಾರು ಹೇಳಿದ್ರು?"

"ಅವ್ವ ಓದಿದ್ಲು."

"ನಿಮ್ಮವ್ವಂಗೆ ಓದು ಬರಲ್ಲ."

"ನಂಬರು ಬರ್ತದೆ. ಸೋಮವಾರ ಕಲ್ತ್ಲು."

ದೊಡ್ಡಪ್ಪ ಕೊಡೆಯನ್ನು ಕೆಸರಿಗೆ ಊರಿ ನಿಂತ. ನೀರು ತುಂಬಿದ ಸಾಲನ್ನು ಹಿಂದಕ್ಕೊಮ್ಮೆ ತಿರುಗಿ ನೋಡಿದ. ಆಮೇಲೆ ತುಂಬ ಸಣ್ಣ ದನಿಯಲ್ಲಿ, "ಸರ್ವೆಯವ್ರು ಹಿತ್ತಲಿಗೆ ಬಂದಾಗ ಅವಳಿಗೆ ಗೊತ್ತಿತ್ತಾ?" ಎಂದು ಕೇಳಿದ.

"ಗೊತ್ತಿತ್ತು. ಮೆದೆ ಮುಂದೇನೇ ನಿಂತಿದ್ಲು."

ಎಡಕ್ಕೆ ನಡೆದೆವು. ಈಗ ಅವನು ಇಪ್ಪತ್ತು ಹೆಜ್ಜೆ ಹಿಂದೆ ಇರಲಿಲ್ಲ, ನನ್ನ ಪಕ್ಕದಲ್ಲೇ ಇದ್ದ. ಅವನನ್ನು ಮಧ್ಯಾಹ್ನದವರೆಗೆ ಸುತ್ತಿಸಿದ ಅಡ್ಡರಸ್ತೆಗಳಲ್ಲಿ ನಾನು ಒಂದು ಕಡೆಯೂ ನಿಲ್ಲದೆ ಅವನನ್ನು ಕರೆದುಕೊಂಡು ಹೋದೆ. ಅಂಗಿ ಹಾಕಿದ ನಾಯಿಯ ಮನೆ, ಬೆತ್ತದ ಕುರ್ಚಿಯ ಮನೆ, ಪಾರ್ಕು, ಗೇಟು. ಬೀಗ ತೆಗೆದಿತ್ತು.

ಒಳಗೆ ಮೇಜಿನ ಹಿಂದೆ ಕೂತಿದ್ದ ಗುಮಾಸ್ತರು ಊರಿನ ಹೆಸರು ಕೇಳಿ ಕನ್ನಡಕದ ಮೇಲಿಂದ ನೋಡಿದರು. "ಪುಟ್ಟೇನಹಳ್ಳೀನಾ? ಅಷ್ಟು ದೂರದಿಂದ ಈ ಹೆಣ್ಣು ಹುಡುಗಿ ದಿನಾ ಒಬ್ಬಳೇ ಬರ್ತಾಳಾ? ದಾರಿ ಗೀರಿ ತಪ್ಪಿದ್ರೆ ಯಾರ್ರೀ ಜವಾಬ್ದಾರಿ?"

ದೊಡ್ಡಪ್ಪ ಮೇಜಿನ ಮೇಲೆ ಎರಡೂ ಕೈಯೂರಿದ. ಉಗುರುಗಳಲ್ಲಿ ಇನ್ನೂ ಆ ಬಯಲಿನ ಕೆಂಪು ಮಣ್ಣಿತ್ತು.

"ದಾರಿ ತಪ್ಪೋದಾ? ಇವತ್ತು ನನ್ನ ಇಲ್ಲಿಗೆ ಕರ್ಕಂಡ್ ಬಂದೋಳೇ ಇವಳು," ಎಂದ. ಪಕ್ಕದ ಕೋಣೆಯವರು ಇಣುಕಿ ನೋಡುವಷ್ಟು ಜೋರಾಗಿ ಹೇಳಿದ. "ಇವಳಿಗೆ ಇವರವ್ವ ಕಲ್ಸವಳೆ. ಬರ್ಕೊಳ್ರಿ ಸ್ವಾಮಿ ಸುಮ್ನೆ."

ಅವರು ಬರೆದುಕೊಂಡರು. ದೊಡ್ಡಪ್ಪ ಸಹಿ ಹಾಕಿದ.

ಹಿಂತಿರುಗಿ ಬಂದಾಗ ಅವ್ವ ಕಂಬದ ಮರೆಯಲ್ಲಿದ್ದಳು. ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲವೆಂದು ತಂಗಿ ಆಮೇಲೆ ಹೇಳಿದಳು. ದೊಡ್ಡಪ್ಪ ಜಗಲಿಯಲ್ಲಿ ಕೂತು, ಕಾಲಿನ ಕೆಸರನ್ನು ಕಡ್ಡಿಯಿಂದ ಕೆರೆಯುತ್ತ, ನನ್ನನ್ನು ನೋಡಿದ. "ಹೇಳು ನಿಮ್ಮವ್ವಂಗೆ. ಸೇರ್ಸ್ ಬಂದೆ." ಸ್ವಲ್ಪ ತಡೆದು, "ಗುಂಡಿಗಳನ್ನೂ ಮುಚ್ಚಲ್ಲ ಅಂತ ಹೇಳು. ಇವಳು ಓಡಾಡ್ಬೇಕು."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ಎಷ್ಟೋ ಸಲ ಅವರಿಬ್ಬರ ನಡುವೆ ನಿಂತಿದ್ದೇನೆ, ಅವ್ವ ಮಾತಿಗೆ ತಿರುಗಿ ಮಾತು ಕೊಡದೆ ಹೋದದ್ದು ಅವತ್ತೊಂದೇ ದಿನ.

ಮುಂದಿನ ಸೋಮವಾರ ಬೆಳಿಗ್ಗೆ ನಾನು ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬಳೇ ಹೊರಟೆ. ಕೊಟ್ಟಿಗೆಯ ನೆರಳಲ್ಲಿ ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಅವಕ್ಕೆ ರಜೆಯಿತ್ತು. ನನಗಿರಲಿಲ್ಲ.